ಬ್ಯಾಕಪ್ ಕಡತದ ಕೊನೆಯ ಸಾಲು

ವರ್ಡ್‌ಪ್ರೆಸ್ ಜಾಲತಾಣವೊಂದರ ಬರಹಗಳು, ಓದುಗರ ಪ್ರತಿಕ್ರಿಯೆಗಳು, ಸದಸ್ಯರ ವಿವರಗಳು ಎಲ್ಲವೂ ಇರುವುದು ಮೈಎಸ್‌ಕ್ಯುಎಲ್ ಡೇಟಾಬೇಸಿನ ಟೇಬಲ್‌ಗಳಲ್ಲಿ. ಹೊಸದಾಗಿ ಸ್ಥಾಪಿಸಿದಾಗ ಅವು 12 ಮಾತ್ರ. ಭೇಟಿಗಳನ್ನು ಎಣಿಸುವ, ಫಾರ್ಮ್ ತುಂಬಿಸಿಕೊಳ್ಳುವ, ಭದ್ರತೆ ನೋಡಿಕೊಳ್ಳುವ ಪ್ಲಗಿನ್‌ಗಳನ್ನು ಹಾಕುತ್ತಾ ಹೋದಂತೆ ಅವುಗಳ ಟೇಬಲ್‌ಗಳೂ ಸೇರಿಕೊಳ್ಳುತ್ತವೆ. ಪ್ಲಗಿನ್ ತೆಗೆದುಹಾಕಿದ ಮೇಲೂ ಎಷ್ಟೋ ಟೇಬಲ್‌ಗಳು ಅಲ್ಲೇ ಉಳಿದುಬಿಡುತ್ತವೆ.

ಇಂಥ ಒಂದು ಟೇಬಲ್ ಕೆಟ್ಟರೆ ಏನು ಮಹಾ, ಹೋದರೆ ಅಂಕಿಅಂಶ ತಾನೇ ಎನ್ನಿಸಬಹುದು. ಆದರೆ ಬ್ಯಾಕಪ್‌ಗೆ ಹೆಚ್ಚಾಗಿ ಬಳಕೆಯಾಗುವ ಮೈಎಸ್‌ಕ್ಯುಎಲ್‌ಡಂಪ್ ಟೇಬಲ್‌ಗಳನ್ನು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಾನುಕ್ರಮದಲ್ಲೇ ನಕಲು ಮಾಡುತ್ತಾ ಹೋಗುತ್ತದೆ. ದೋಷ ಎದುರಾದ ಕಡೆ ನಿಂತುಬಿಡುತ್ತದೆ. ಕೆಟ್ಟಿರುವುದು ‘ಲಾಗ್ಸ್’ ಎಂಬ ಟೇಬಲ್ ಆದರೆ, ಅದರ ನಂತರ ಬರಬೇಕಾದ ‘ಪೋಸ್ಟ್ಸ್’ ಮತ್ತು ‘ಯೂಸರ್ಸ್’ ನಕಲಾಗುವುದೇ ಇಲ್ಲ. ಕಡತವೇನೋ ಸಿದ್ಧವಾಗಿರುತ್ತದೆ, ಗಾತ್ರವೂ ಸಣ್ಣದೇನಲ್ಲ. ಒಳಗೆ ಒಂದು ಬರಹವೂ ಇರುವುದಿಲ್ಲ. ಹಾಗಾಗಿ ಕಡತ ತೆರೆದು ಕೊನೆಯ ಸಾಲು ನೋಡಬೇಕು. ಪೂರ್ತಿಯಾದ ನಕಲಿನ ಕೊನೆಯಲ್ಲಿ ಸಾಮಾನ್ಯವಾಗಿ ‘ಡಂಪ್ ಕಂಪ್ಲೀಟೆಡ್’ ಎಂಬ ಟಿಪ್ಪಣಿ ಇರುತ್ತದೆ.

ಟೇಬಲ್ ಕೆಡುವುದಕ್ಕೆ ಮುಖ್ಯ ಕಾರಣ ಹಳೆಯ ಶೇಖರಣಾ ವಿಧಾನವಾದ ಮೈಐಎಸ್‌ಎಎಂ. ಅದರಲ್ಲಿ ದತ್ತಾಂಶಕ್ಕೆ ಒಂದು ಕಡತ, ಪುಸ್ತಕದ ಹಿಂದಿನ ಪದಸೂಚಿಯಂತಹ ಸೂಚಿಗೆ ಇನ್ನೊಂದು. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ, ಡಿಸ್ಕ್ ತುಂಬಿದರೆ ಅಥವಾ ಮೆಮೊರಿ ಸಾಲದೆ ಸರ್ವರ್ ನಿಂತರೆ ಎರಡಕ್ಕೂ ತಾಳೆ ತಪ್ಪುತ್ತದೆ. ಟೇಬಲ್‌ಗೆ ‘ಕ್ರ್ಯಾಶ್ಡ್’ ಎಂಬ ಗುರುತು ಬೀಳುತ್ತದೆ. ಭೇಟಿ ಎಣಿಸುವ ಪ್ಲಗಿನ್ ಪ್ರತಿ ಓದುಗ ಬಂದಾಗಲೂ ಬರೆಯುವುದರಿಂದ ಅದರ ಟೇಬಲ್‌ಗೇ ಅಪಾಯ ಹೆಚ್ಚು. ಇನ್ನೊಡಿಬಿ ವಿಧಾನದಲ್ಲಿ ಬದಲಾವಣೆ ಮೊದಲು ಲಾಗ್‌ನಲ್ಲಿ ದಾಖಲಾಗುತ್ತದೆ. ಸರ್ವರ್ ಮತ್ತೆ ಎದ್ದಾಗ ಅದನ್ನು ನೋಡಿಕೊಂಡೇ ಸರಿಪಡಿಸಿಕೊಳ್ಳುತ್ತದೆ. 2010ರಲ್ಲಿ ಬಂದ ಮೈಎಸ್‌ಕ್ಯುಎಲ್ 5.5ರಿಂದ ಇದೇ ರೂಢಿಯ ವಿಧಾನ. ಆದರೂ ಹಳೆಯ ಟೇಬಲ್‌ಗಳು ತಾವಾಗಿಯೇ ಬದಲಾಗುವುದಿಲ್ಲ.

ದುರಸ್ತಿಗೆ ಮುನ್ನ ಆ ದಿನದ ಬ್ಯಾಕಪ್ ಉಳಿಸಿಕೊಳ್ಳಬೇಕು. ಕೆಟ್ಟ ಟೇಬಲನ್ನು ಬಿಟ್ಟು ಉಳಿದವನ್ನು ನಕಲು ಮಾಡುವ ಆಯ್ಕೆ ಮೈಎಸ್‌ಕ್ಯುಎಲ್‌ಡಂಪ್‌ನಲ್ಲಿದೆ. ಕೆಟ್ಟ ಟೇಬಲ್‌ನ ಕಡತಗಳನ್ನೂ ಸರ್ವರ್ ನಿಲ್ಲಿಸಿ ಬೇರೆಡೆ ಇಟ್ಟುಕೊಂಡರೆ ಒಳ್ಳೆಯದು, ಏಕೆಂದರೆ ದುರಸ್ತಿಯಲ್ಲಿ ಕೆಲವು ಸಾಲುಗಳು ಕಳೆದುಹೋಗಬಹುದು. ಆಮೇಲೆ ಡೇಟಾಬೇಸ್ ನಿರ್ವಹಣೆಗೆ ಬಳಸುವ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಆ ಟೇಬಲ್ ಆರಿಸಿ ‘ರಿಪೇರ್ ಟೇಬಲ್’ ಕೊಟ್ಟರೆ ಸಾಕು. ಈ ಆಜ್ಞೆ ಇನ್ನೊಡಿಬಿ ಟೇಬಲ್‌ಗಳ ಮೇಲೆ ನಡೆಯುವುದಿಲ್ಲ.

ವರ್ಡ್‌ಪ್ರೆಸ್ಸಿನಲ್ಲೇ ಒಂದು ದುರಸ್ತಿ ಪುಟವಿದೆ. ಸಂರಚನಾ ಕಡತಕ್ಕೆ ಒಂದು ಸಾಲು ಸೇರಿಸಿದರೆ ತೆರೆದುಕೊಳ್ಳುತ್ತದೆ. ಹಲವರು ಎಡವುವುದು ಇಲ್ಲೇ. ಆ ಪುಟ ಮೂಲ ಟೇಬಲ್‌ಗಳನ್ನಷ್ಟೇ ಪರೀಕ್ಷಿಸುತ್ತದೆ. ಪ್ಲಗಿನ್ ತಾನಾಗಿ ಸೇರಿಸಿಕೊಳ್ಳದಿದ್ದರೆ ಅದರ ಟೇಬಲ್ ಪಟ್ಟಿಗೇ ಬರುವುದಿಲ್ಲ. ‘ಎಲ್ಲ ಸರಿಯಿದೆ’ ಎಂದು ಪುಟ ಹೇಳಿದರೂ ರಾತ್ರಿ ಬ್ಯಾಕಪ್ ಮತ್ತೆ ನಿಲ್ಲುತ್ತದೆ. ಲಾಗಿನ್ ಇಲ್ಲದೆಯೇ ಯಾರು ಬೇಕಾದರೂ ತೆರೆಯಬಹುದಾದ ಪುಟ ಅದು. ಕೆಲಸ ಮುಗಿದ ಕೂಡಲೇ ಆ ಸಾಲನ್ನು ಅಳಿಸಲೇಬೇಕು.

ದುರಸ್ತಿಯಾದ ಟೇಬಲನ್ನು ಇನ್ನೊಡಿಬಿಗೆ ಬದಲಿಸಿಕೊಳ್ಳಿ. ಪ್ಲಗಿನ್ ಎಂದೋ ಹೋಗಿದ್ದರೆ ನಕಲಿಟ್ಟುಕೊಂಡು ಟೇಬಲನ್ನೇ ತೆಗೆದುಬಿಡಿ. ನಂತರ ಹೊಸ ಬ್ಯಾಕಪ್ ತೆಗೆದು, ಅದನ್ನು ಬೇರೊಂದು ಖಾಲಿ ಡೇಟಾಬೇಸಿಗೆ ಇಳಿಸಿ, ಎರಡೂ ಕಡೆ ‘ಪೋಸ್ಟ್ಸ್’ ಟೇಬಲ್‌ನಲ್ಲಿ ಎಷ್ಟೆಷ್ಟು ಸಾಲುಗಳಿವೆ ಎಂದು ಎಣಿಸಿ ನೋಡಿ.