ಕಲ್ಲಿನ ಹುಡುಗಿಗೆ ಕ್ಯಾಮೆರಾ, ನಮ್ಮ ಹುಡುಗಿಗೆ?

ಬೇಲೂರಿನ ಚೆನ್ನಕೇಶವನ ಗುಡಿಗೆ ಬಂದವರು ಕತ್ತು ಎತ್ತಿ ನೋಡುವುದು ಯಾರನ್ನು? ಮದನಿಕೆಯರನ್ನು! ಒಳಗೆ ನಾಲ್ಕು, ಹೊರಗೆ 38, ಒಟ್ಟು 42 ಚೆಲುವೆಯರು. ಗುಡಿ ಪ್ರತಿಷ್ಠೆಯಾದದ್ದು 1117ರಲ್ಲಿ. ಒಂಬೈನೂರು ವರ್ಷ ದಾಟಿದರೂ ಕುಣಿಯುವವಳು ಎತ್ತಿದ ಕಾಲು ಇಳಿಸಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿದವು. ಬಹಳ ಸಂತೋಷ, ಸ್ವಾಮಿ. ಆದರೆ ಅದೇ ಊರಿನ ಬೀದಿಯಲ್ಲಿ ‘ತೈಯಾ ತೈ’ ಎಂದು ಕಾಲು ಬಡಿಯುವ ಎಂಟು ವರ್ಷದ ಕೂಸಿನ ಕಡೆ ಯಾರಾದರೂ ಕತ್ತು ತಿರುಗಿಸಿದ್ದೀರಾ?

ಭರತನಾಟ್ಯ ಕಲಿಯೋದು ಅಂದರೆ ಟಿ.ವಿ. ಹಾಡಿಗೆ ಸೊಂಟ ಬಳುಕಿಸಿದಂತಲ್ಲ. ಮೊದಲು ಅರೆಮಂಡಿ. ಮಂಡಿ ಎರಡೂ ಪಕ್ಕಕ್ಕೆ ತೆರೆಯಬೇಕು, ಬೆನ್ನು ಬಾಗಬಾರದು. ಹಾಗೆ ಕೂತೇ ತಟ್ಟಡವು. ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ. ಗುರುಗಳು ಮಣೆಯ ಮೇಲೆ ಕೋಲು ಕುಟ್ಟುತ್ತಿದ್ದರೆ ಮಗುವಿನ ಅಂಗಾಲು ಚುರುಗುಟ್ಟುತ್ತದೆ. ಒಂದೇ ಕೈಯಲ್ಲಿ ಹಿಡಿಯುವ ಹಸ್ತಮುದ್ರೆಗಳೇ 28. ಹೆಸರು ಬಾಯಿಪಾಠ ಆಗಬೇಕು. ಇಷ್ಟಾದ ಮೇಲೆ ಗೆಜ್ಜೆಪೂಜೆ. ಆಮೇಲೆ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು. ವರ್ಷಗಟ್ಟಲೆ ಕೆಲಸ!

ನಮ್ಮ ಕಡೆ ಇದು ನಿಲ್ಲೋದು ಎಲ್ಲಿ ಗೊತ್ತೇ? ಹತ್ತನೇ ಕ್ಲಾಸಿನ ಬಾಗಿಲಲ್ಲಿ. ‘ಈ ವರ್ಷ ಎಸ್ಸೆಸ್ಸೆಲ್ಸಿ, ಕುಣಿತ ಸಾಕು’ ಅಂತಾರೆ ಅಪ್ಪ. ‘ಕುಣಿದು ಯಾವ ಆಫೀಸು ಸೇರ್ತಾಳಮ್ಮ?’ ಅಂತಾರೆ ಪಕ್ಕದ ಮನೆಯವರು. ಅಲ್ಲಿಗೆ ಗೆಜ್ಜೆ ಅಟ್ಟಕ್ಕೆ ಏರಿತು. ಗಂಡುಮಗುವಾದರೆ ಅಷ್ಟು ದೂರವೂ ಇಲ್ಲ. ಗೆಳೆಯರ ನಗೆಗೇ ಅರ್ಧ ದಾರಿಯಲ್ಲಿ ವಾಪಸ್ಸು. ಕುಣಿಯುವ ಶಿವನ ಮುಂದೆ ಮಾತ್ರ ಎಲ್ಲರೂ ಕೈ ಮುಗಿಯುತ್ತಾರೆ!

ಹೀಗೆ ಅನ್ನುವವರು ಅರಸೀಕೆರೆಯಲ್ಲಿ ರೈಲು ಹತ್ತಿ, ಬಾಣಾವರ ದಾಟಿ ಕಡೂರಿನ ಕಡೆ ಒಮ್ಮೆ ನೋಡಲಿ. ಕಡೂರಿನ ತಂಗಲಿ ತಾಂಡ್ಯದ ಲಂಬಾಣಿ ಕುಟುಂಬವೊಂದರಲ್ಲಿ 1906ರಲ್ಲಿ ಹುಟ್ಟಿದ ಹೆಣ್ಣುಮಗು ಕೆ. ವೆಂಕಟಲಕ್ಷಮ್ಮ. ಎಂಟನೇ ವಯಸ್ಸಿಗೆ ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರ ಹತ್ತಿರ ಪಾಠ ಶುರು. ಹನ್ನೆರಡಕ್ಕೆ ರಂಗಪ್ರವೇಶ. ಜೊತೆಗೆ ಸಂಸ್ಕೃತ, ಸಂಗೀತ. ಮುಂದೆ ಅರಮನೆಯ ಆಸ್ಥಾನ ನರ್ತಕಿ. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ವಿಭಾಗ ಶುರುವಾದಾಗ ಪಾಠ ಹೇಳುವ ಹೊಣೆ ಅವರದೇ ಆಯಿತು. 1992ರಲ್ಲಿ ಪದ್ಮಭೂಷಣ. 2002ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಮೈಸೂರು ಶೈಲಿಯ ಅಭಿನಯ ಎಂದರೆ ಅವರ ಹೆಸರೇ. ತಾಂಡ್ಯದ ಮಗುವಿಗೆ ಆಗ ಇದ್ದದ್ದು ಎರಡೇ: ಕರೆದುಕೊಂಡು ಹೋದ ಮನೆಯ ಹಿರಿಯರು, ಕೈ ಬಿಡದ ಗುರು. ‘ಯಾವ ಆಫೀಸು’ ಎಂದು ಕೇಳುವವರಿಗೆ ಇದು ಉತ್ತರ ಸಾಲದೇ?

ಎಲ್ಲ ಮಕ್ಕಳೂ ವೆಂಕಟಲಕ್ಷಮ್ಮ ಆಗಬೇಕಿಲ್ಲ ಬಿಡಿ. ದೂರದ ಐರ್ಲೆಂಡಿನಲ್ಲೂ ಮಕ್ಕಳ ಕುಣಿತ ಒಂದಿದೆ. ಕೈ ಎರಡೂ ಮೈಗೆ ಅಂಟಿಸಿ ನೆಟ್ಟಗೆ ನಿಂತು, ಗಟ್ಟಿ ಬೂಟಿನಲ್ಲಿ ನೆಲವನ್ನೇ ತಮಟೆ ಮಾಡ್ತಾರೆ. ಊರಿನ ಸಮುದಾಯ ಭವನಗಳಲ್ಲಿ ಪುಟ್ಟ ಮಕ್ಕಳು ಕಲಿಯುತ್ತಾ ಬಂದ ಕುಣಿತವದು. 1994ರಲ್ಲಿ ಡಬ್ಲಿನ್ ನಗರದ ಯೂರೋವಿಷನ್ ಹಾಡಿನ ಸ್ಪರ್ಧೆಯ ಬಿಡುವಿನಲ್ಲಿ ಏಳು ನಿಮಿಷ ‘ರಿವರ್‌ಡಾನ್ಸ್’ ಎಂದು ಆಡಿ ತೋರಿಸಿದರು. ಜಗತ್ತೇ ಚಪ್ಪಾಳೆ ಹೊಡೆಯಿತು. ಊರಿನ ಭವನ ಬಾಗಿಲು ತೆರೆದಿದ್ದರಿಂದ ತಾನೇ ಆ ಏಳು ನಿಮಿಷ?

ನಮ್ಮಲ್ಲಿ ತೊಂದರೆ ದುಡ್ಡಿನದೂ ಹೌದು. ಪಾಠದ ಫೀಸು, ಸೀರೆ, ಒಡವೆ ಬಾಡಿಗೆ, ಮೇಕಪ್ಪು. ರಂಗಪ್ರವೇಶ ಎಂದರೆ ಹಾಡುವವರು, ಮೃದಂಗದವರು, ಊಟೋಪಚಾರ ಸೇರಿ ಸಣ್ಣ ಮದುವೆಯೇ. ಹಳ್ಳಿಯಿಂದ ಪೇಟೆಯ ಕ್ಲಾಸಿಗೆ ಬರುವ ಮಗುವಿಗೆ ಬಸ್ಸು ಬೇರೆ. 2023ರ ಜೂನಿನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ತಪ್ಪಿತು, ಸೀಟಿನ ಚಿಂತೆ ತಪ್ಪಲಿಲ್ಲ! ಇನ್ನು ನೆಲ. ಗಟ್ಟಿ ಸಿಮೆಂಟಿನ ಮೇಲೆ ದಿನಾ ಬರಿಗಾಲು ಬಡಿದರೆ ಎಳೆಯ ಮಂಡಿ ನೋಯದೆ ಇರುತ್ತದೆಯೇ? ಮರದ ಹಲಗೆ ಹಾಸಿದ ನೆಲ ಇದ್ದರೆ ಪೆಟ್ಟು ಕಡಿಮೆ.

ಅಂಗಡಿ ಯಜಮಾನರೇ, ನಿಮ್ಮ ಮಹಡಿಯ ಕೋಣೆ ಭಾನುವಾರ ಬೆಳಿಗ್ಗೆ ಬೀಗ ಹಾಕಿಯೇ ಇರುತ್ತದಲ್ಲ, ಎರಡು ಗಂಟೆ ಮಕ್ಕಳಿಗೆ ಬಿಡಿ. ಗಣೇಶನ ಸಮಿತಿಯವರೇ, ಆರ್ಕೆಸ್ಟ್ರಾಕ್ಕೆ ಮುಂಚೆ ಇಪ್ಪತ್ತು ನಿಮಿಷ ವೇದಿಕೆ ಕೊಡಿ. ಅಪ್ಪ ಅಮ್ಮಂದಿರೇ, ಹತ್ತನೇ ಕ್ಲಾಸು ಬಂದರೆ ವಾರಕ್ಕೆ ಒಂದೇ ಪಾಠ ಮಾಡಿಸಿ, ಪೂರಾ ನಿಲ್ಲಿಸಬೇಡಿ. ಬಸ್ಸಿನಲ್ಲಿ ಗೆಜ್ಜೆ ಚೀಲ ಹಿಡಿದ ಮಗು ನಿಂತಿದ್ದರೆ ಸ್ವಲ್ಪ ಸರಿದು ಕೂರಿ.

ಹಾಡು, ಕುಣಿತ ಬಲ್ಲವಳೆಂದು ಶಾಸನಗಳೇ ಹೊಗಳಿದ ಶಾಂತಲೆಯ ಸೀಮೆ ಇದು. ಕಲ್ಲಿಗೆ ಕುಣಿತ ಕಲಿಸಿದ ಸೀಮೆಯಲ್ಲಿ ಮಕ್ಕಳು ಕುಣಿಯೋದಕ್ಕೆ ಜಾಗ ಹುಡುಕಬೇಕೇ?