ಊರು ಮುಚ್ಚಿದರೂ ಅಂಗಡಿ ತೆರೆದಿರಬೇಕು

2022ರ ಡಿಸೆಂಬರ್ 23, ಶುಕ್ರವಾರ. ಕ್ರಿಸ್‌ಮಸ್‌ಗೆ ಇನ್ನೆರಡೇ ದಿನ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಶ್ಚಿಮ ತುದಿಯಲ್ಲಿ, ಎರಿ ಸರೋವರದ ದಡದಲ್ಲಿರುವ ಬಫಲೊ ನಗರದಲ್ಲಿ ಅಂದು ಬೆಳಿಗ್ಗೆ ಒಂದು ಆದೇಶ ಹೊರಬಿತ್ತು. 9.30ರಿಂದ ಯಾರೂ ರಸ್ತೆಯಲ್ಲಿ ವಾಹನ ಓಡಿಸುವಂತಿಲ್ಲ! ಆದೇಶ ಪ್ರಕಟವಾದದ್ದಕ್ಕೂ ಅದು ಜಾರಿಗೆ ಬಂದದ್ದಕ್ಕೂ ನಡುವೆ ಇದ್ದ ಅವಧಿ ಕೇವಲ 41 ನಿಮಿಷ. ಅಷ್ಟು ಹೊತ್ತಿಗೆ ಬೆಳಗಿನ ಪಾಳಿಯ ಎಷ್ಟೋ ನೌಕರರು ಮನೆ ಬಿಟ್ಟಾಗಿತ್ತು.

ಹಿಮಬಿರುಗಾಳಿ ಹೇಳದೆ ಕೇಳದೆ ಬಂದದ್ದೇನಲ್ಲ. ಹವಾಮಾನ ಇಲಾಖೆ ಹಲವು ದಿನ ಮೊದಲೇ ಎಚ್ಚರಿಸಿತ್ತು. ಆದರೂ ಆದೇಶ ತಡವಾದದ್ದೇಕೆ? ರಾತ್ರಿ ಪಾಳಿ ಮುಗಿಸಿದವರು ಮನೆ ಸೇರಿಕೊಳ್ಳಲಿ ಎಂಬುದು ಆಡಳಿತ ಕೊಟ್ಟ ಕಾರಣಗಳಲ್ಲೊಂದು. ಮುಂದಿನ 37 ಗಂಟೆ ಬಿರುಗಾಳಿ ಬಿಡುವು ಕೊಡಲಿಲ್ಲ. ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳೇ ಹಿಮದಲ್ಲಿ ಹೂತುಹೋದವು. ಬಫಲೊ ಸೇರಿರುವ ಎರಿ ಕೌಂಟಿಯೊಂದರಲ್ಲೇ 47 ಜನ ಸತ್ತರು. ಕೆಲವರು ಸಿಕ್ಕಿಬಿದ್ದ ಕಾರುಗಳಲ್ಲಿ, ಕೆಲವರು ನಡೆಯುತ್ತ ನಡೆಯುತ್ತ ಬೀದಿಯಲ್ಲಿ, ಇನ್ನು ಕೆಲವರು ವಿದ್ಯುತ್ ಹೋಗಿ ತಣ್ಣಗಾದ ಮನೆಗಳಲ್ಲಿ. ಸಂಚಾರ ನಿಷೇಧ ತಡವಾಯಿತು ಎಂದು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಅಧ್ಯಯನ ವರದಿ 2023ರಲ್ಲಿ ಹೇಳಿತು.

ಈ ದುರಂತ ಎತ್ತಿದ ಪ್ರಶ್ನೆ ಹಳೆಯದು. ಹಿಮ ಸುರಿಯುವ ದಿನ ಕೆಲಸಕ್ಕೆ ಬರಲೇಬೇಕಾದವರು ಯಾರು? ಅದನ್ನು ತೀರ್ಮಾನಿಸುವವರು ಯಾರು? ವೈದ್ಯರು, ಪೊಲೀಸರು, ರಸ್ತೆಯ ಹಿಮ ತೆಗೆಯುವವರು ಬರಬೇಕೆಂಬುದರಲ್ಲಿ ತಕರಾರಿಲ್ಲ. ಗಲ್ಲಾದಲ್ಲಿ ಕೂರುವ ಹುಡುಗಿ, ಹೋಟೆಲಿನಲ್ಲಿ ತಟ್ಟೆ ತೊಳೆಯುವವನು, ಸೈಕಲ್ಲಿನಲ್ಲಿ ಊಟ ತಲುಪಿಸುವವನು, ಇವರ ಮಾತೇನು?

ಹಿಮಕ್ಕಿಂತ ಗಾಳಿ ಕ್ರೂರಿ

ಹಿಮ ಬೀಳುವುದೆಲ್ಲ ಹಿಮಬಿರುಗಾಳಿಯಲ್ಲ. ಅಮೆರಿಕದ ಹವಾಮಾನ ಇಲಾಖೆಯ ಪ್ರಕಾರ ಗಂಟೆಗೆ 35 ಮೈಲಿ (56 ಕಿ.ಮೀ.) ಅಥವಾ ಹೆಚ್ಚು ವೇಗದ ಗಾಳಿ ಬೀಸಬೇಕು, ಕಾಲು ಮೈಲಿ ಆಚೆಗಿನದು ಕಾಣದಂತಾಗಬೇಕು, ಈ ಸ್ಥಿತಿ ಮೂರು ಗಂಟೆಯಾದರೂ ಇರಬೇಕು. ಆಗಷ್ಟೇ ಅದು ‘ಬ್ಲಿಝರ್ಡ್’. ಅಂಥ ಹೊತ್ತಿನಲ್ಲಿ ನೆಲ ಯಾವುದು, ಆಕಾಶ ಯಾವುದು ತಿಳಿಯುವುದಿಲ್ಲ. ಪರಿಚಿತ ಬೀದಿಯಲ್ಲೇ ದಾರಿ ತಪ್ಪುತ್ತದೆ.

ಗಾಳಿ ಮೈಯ ಶಾಖವನ್ನೂ ಕದಿಯುತ್ತದೆ. ಉಷ್ಣಾಂಶ ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿದ್ದು ಗಂಟೆಗೆ 15 ಮೈಲಿ ವೇಗದ ಗಾಳಿ ಇದ್ದರೆ, ಮೈಗೆ ಅದು ಸೊನ್ನೆಗಿಂತ 28 ಡಿಗ್ರಿ ಕೆಳಗಿನ ಚಳಿಯಂತೆ ತಾಗುತ್ತದೆ. ಮುಚ್ಚಿಕೊಳ್ಳದ ಚರ್ಮ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಿ ಸಾಯತೊಡಗುತ್ತದೆ. ಬಸ್ ಬಾರದ ನಿಲ್ದಾಣದಲ್ಲಿ ಅರ್ಧ ಗಂಟೆ ಕಾಯುವುದೆಂದರೆ ಏನೆಂದು ಇದರಿಂದ ಊಹಿಸಬಹುದು.

ಒಂದು ಸೋಮವಾರ

ಅಮೆರಿಕದ ನೆನಪಿನಲ್ಲಿ ಉಳಿದ ಮಹಾ ಹಿಮಬಿರುಗಾಳಿ 1888ರ ಮಾರ್ಚ್ ತಿಂಗಳಿನದು. ಭಾನುವಾರ ನ್ಯೂಯಾರ್ಕ್ ನಗರದಲ್ಲಿ ಮಳೆ ಸುರಿದಿತ್ತು. ಜನ ಮಲಗಿ ಏಳುವಷ್ಟರಲ್ಲಿ ಮಳೆ ಹಿಮವಾಗಿತ್ತು. ಅಂದು ಮಾರ್ಚ್ 12, ಸೋಮವಾರ, ಕೆಲಸದ ದಿನ. ಸಂಬಳ ಸಹಿತ ರಜೆ ಎಂಬುದು ಅಂಗಡಿ, ಕಾರ್ಖಾನೆಗಳ ನೌಕರರಿಗೆ ಕನಸಿನ ಮಾತಾಗಿದ್ದ ಕಾಲವದು. ಹೋಗದಿದ್ದರೆ ಕೂಲಿ ಇಲ್ಲ. ಕೆಲಸ ಉಳಿಯುತ್ತದೆಂಬ ನೆಚ್ಚಿಕೆಯೂ ಇಲ್ಲ. ಜನ ಹೊರಟರು.

ಬೀದಿಗಳ ಮೇಲೆ ಎತ್ತರದ ಕಂಬಗಳ ಮೇಲೆ ಓಡುತ್ತಿದ್ದ ರೈಲುಗಳು ಅಲ್ಲಲ್ಲೇ ನಿಂತವು. ಸಾವಿರಾರು ಪ್ರಯಾಣಿಕರು ಅಂತರದಲ್ಲಿ ಸಿಕ್ಕಿಕೊಂಡರು. ಕೆಳಗಿದ್ದ ಚಾಲಾಕಿಗಳು ಏಣಿ ತಂದು ಇಷ್ಟಿಷ್ಟು ಕಾಸು ಎಂದು ವಸೂಲು ಮಾಡಿ ಅವರನ್ನು ಇಳಿಸಿದರು! ನ್ಯೂಯಾರ್ಕ್ ನಗರದಲ್ಲೇ ಸುಮಾರು 200 ಜನ, ಇಡೀ ಪೂರ್ವ ಕರಾವಳಿಯಲ್ಲಿ 400ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಸತ್ತವರಲ್ಲಿ ಹೆಸರುವಾಸಿ ಒಬ್ಬರೇ. ಮಾಜಿ ಸೆನೆಟರ್ ರಾಸ್ಕೊ ಕಾಂಕ್ಲಿಂಗ್. ವಾಲ್‌ಸ್ಟ್ರೀಟ್‌ನ ಕಚೇರಿಯಿಂದ ಹೊರಟಾಗ ಕುದುರೆಗಾಡಿಯವನು 50 ಡಾಲರ್ ಕೇಳಿದನಂತೆ. ಒಪ್ಪದ ಕಾಂಕ್ಲಿಂಗ್ ಮ್ಯಾಡಿಸನ್ ಚೌಕದತ್ತ ನಡೆದೇ ಹೊರಟರು. ದಾರಿಯಲ್ಲಿ ಹೈರಾಣಾಗಿ ಕಾಯಿಲೆ ಬಿದ್ದು ಏಪ್ರಿಲ್ 18ರಂದು ತೀರಿಕೊಂಡರು. ಆ ಚೌಕದಲ್ಲಿ ಇಂದಿಗೂ ಅವರ ಪ್ರತಿಮೆ ಇದೆ. ಅದೇ ದಿನ ಕೂಲಿ ತಪ್ಪೀತೆಂದು ಮನೆಯಿಂದ ಹೊರಟು ಮರಳದವರು ಲೆಕ್ಕಕ್ಕೆ ಮಾತ್ರ ಉಳಿದರು.

ಆ ಬಿರುಗಾಳಿಯಿಂದ ನಗರಗಳು ಪಾಠ ಕಲಿಯದೆ ಇರಲಿಲ್ಲ. ವಿದ್ಯುತ್, ತಂತಿ ಸಂಪರ್ಕದ ತಂತಿಗಳು ನೆಲದಡಿಗೆ ಇಳಿದವು. ನೆಲದಡಿಯ ರೈಲು ಬೇಕೆಂಬ ಕೂಗಿಗೆ ಬಲ ಬಂತು. 1904ರಲ್ಲಿ ನ್ಯೂಯಾರ್ಕಿಗೆ ಸುರಂಗ ರೈಲು ಬಂದಿತು. ರೈಲು, ತಂತಿ ನೆಲದಡಿಗೆ ಹೋದರೂ ಕೂಲಿಯ ನಿಯಮ ಮಾತ್ರ ಅಷ್ಟು ಬೇಗ ಬದಲಾಗಲಿಲ್ಲ.

1978ರ ಫೆಬ್ರವರಿ 6, ಅದೂ ಸೋಮವಾರವೇ. ಬಾಸ್ಟನ್ ಸುತ್ತಮುತ್ತ ಬೆಳಿಗ್ಗೆಯೇ ಬೀಳಬೇಕಿದ್ದ ಹಿಮ ಹೇಳಿದ ಹೊತ್ತಿಗೆ ಬೀಳಲಿಲ್ಲ. ಮುನ್ಸೂಚನೆ ಸುಳ್ಳಾಯಿತೆಂದು ಜನ ಕೆಲಸಕ್ಕೆ ಹೋದರು. ಆಮೇಲೆ ಶುರುವಾದ ಹಿಮ 27 ಅಂಗುಲ ಬಿತ್ತು. ಎಲ್ಲರೂ ಒಟ್ಟಿಗೆ ಮನೆಗೆ ಹೊರಟಾಗ 128ನೇ ಹೆದ್ದಾರಿಯಲ್ಲಿ 3 ಸಾವಿರಕ್ಕೂ ಹೆಚ್ಚು ಕಾರು, 500ರಷ್ಟು ಲಾರಿಗಳು ಹಿಮದಲ್ಲಿ ಹೂತವು. ಚಳಿ ತಡೆಯಲು ಎಂಜಿನ್ ಚಾಲೂ ಇಟ್ಟು ಕುಳಿತವರಲ್ಲಿ ಕೆಲವರು, ಹೊಗೆ ಕೊಳವೆ ಹಿಮದಿಂದ ಮುಚ್ಚಿದ್ದರಿಂದ ವಿಷಾನಿಲಕ್ಕೆ ಬಲಿಯಾದರು. ಗವರ್ನರ್ ಮೈಕೆಲ್ ಡುಕಾಕಿಸ್ ಸುಮಾರು ಒಂದು ವಾರ ಖಾಸಗಿ ವಾಹನಗಳನ್ನು ರಸ್ತೆಗಿಳಿಸದಂತೆ ನಿಷೇಧಿಸಿದರು.

ಬ್ರೆಡ್ಡು, ಹಾಲು, ಮೊಟ್ಟೆ

ಹಿಮದ ಸುದ್ದಿ ಬಂದ ಕೂಡಲೇ ಅಮೆರಿಕನ್ನರು ಮಾಡುವ ಮೊದಲ ಕೆಲಸ ಅಂಗಡಿಗೆ ಓಡುವುದು. ಬ್ರೆಡ್ಡು, ಹಾಲು, ಮೊಟ್ಟೆ ಮೊದಲು ಖಾಲಿ. ಈ ಮೂರನ್ನೂ ಸೇರಿಸಿದರೆ ‘ಫ್ರೆಂಚ್ ಟೋಸ್ಟ್’ ಎಂಬ ತಿಂಡಿಯಾಗುತ್ತದೆ. ಹಿಮ ಬಿದ್ದಾಗ ಎಲ್ಲರಿಗೂ ಅದರ ಮೇಲೇ ಯಾಕೆ ಆಸೆ ಎಂಬುದು ಬಾಸ್ಟನ್ನಿನವರ ಹಳೆಯ ನಗೆಮಾತು.

ಈ ನಗೆಯ ಹಿಂದೆ ದುಡಿಮೆಯ ಲೆಕ್ಕವಿದೆ. ಊರಿಗೆಲ್ಲ ಬಿಡುವಾಗುವ ಹೊತ್ತಿಗೆ ದಿನಸಿ ಅಂಗಡಿಯವರಿಗೆ ಉಸಿರಾಡಲು ಪುರುಸೊತ್ತಿಲ್ಲ. ಒಳಗೆ ಬರಿದಾದ ಕಪಾಟು ತುಂಬಬೇಕು. ಹೊರಗೆ ಬಾಗಿಲೆದುರಿನ ಹಿಮವನ್ನು ಸಲಿಕೆಯಿಂದ ತೆಗೆದು ಉಪ್ಪು ಎರಚಬೇಕು. ಚಳಿ ಸೊನ್ನೆಗಿಂತ 9 ಡಿಗ್ರಿ ಕೆಳಗಿಳಿದರೆ ಉಪ್ಪಿಗೂ ಮಂಜುಗಡ್ಡೆ ಅಷ್ಟಾಗಿ ಕರಗುವುದಿಲ್ಲ. ವಾಹನ ನಿಲುಗಡೆಯ ಬಯಲಿನಲ್ಲಿ ಗಿರಾಕಿಗಳು ಬಿಟ್ಟುಹೋದ ತಳ್ಳುಬಂಡಿಗಳನ್ನು ಹಿಮದಲ್ಲಿ ಎಳೆದು ತರಬೇಕು. ನ್ಯೂಜೆರ್ಸಿ ರಾಜ್ಯದಲ್ಲಂತೂ ಗಿರಾಕಿ ತಾನೇ ಪೆಟ್ರೋಲ್ ತುಂಬಿಕೊಳ್ಳುವುದಕ್ಕೆ 1949ರಿಂದ ಕಾನೂನಿನ ಅಡ್ಡಿಯಿದೆ. ಹೀಗಾಗಿ ಎಂಥ ಚಳಿಯಲ್ಲೂ ಬಂಕಿನ ನೌಕರ ಹೊರಗೆ ಬಂದು ನಿಲ್ಲಲೇಬೇಕು. ಕಾರಿನವರು ಗಾಜು ಎರಡು ಬೆರಳಿನಷ್ಟು ಇಳಿಸಿ ದುಡ್ಡು ಚಾಚುತ್ತಾರೆ.

ಗಂಟೆ ಲೆಕ್ಕದ ಕೂಲಿ

ಕರಾವಳಿ, ಕೊಡಗಿನಲ್ಲಿ ಮಳೆ ಜೋರಾದರೆ ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಸಾರುವುದು ನಮಗೆ ಗೊತ್ತು. ಮಕ್ಕಳಿಗೆ ರಜೆಯಾದರೂ ಹೋಟೆಲಿನ ಮಾಣಿಗೆ ರಜೆಯಿಲ್ಲ. ಅಮೆರಿಕದ ‘ಸ್ನೋ ಡೇ’ ಕೂಡ ಹೀಗೆಯೇ. ಅದು ಶಾಲೆಗೆ, ಸರ್ಕಾರಿ ಕಚೇರಿಗೆ ಸಿಗುವ ರಜೆ. ಅಂಗಡಿಯವರ ಪಾಲಿಗೆ ಅದು ಮತ್ತೊಂದು ಪಾಳಿ.

ಅಲ್ಲಿನ ಕೂಲಿ ಕಾನೂನಿನಲ್ಲಿ ನೌಕರರು ಸ್ಥೂಲವಾಗಿ ಎರಡು ಬಗೆ. ನಿಗದಿತ ಸಂಬಳದ ಅಧಿಕಾರಿ ವರ್ಗ ಒಂದು. ಹಿಮದಿಂದ ಕಚೇರಿ ಒಂದೆರಡು ದಿನ ಮುಚ್ಚಿದರೆ ಇವರ ಸಂಬಳ ಕಡಿಯುವಂತಿಲ್ಲ. ಇನ್ನೊಂದು, ಗಂಟೆ ಲೆಕ್ಕದಲ್ಲಿ ದುಡಿಯುವವರು. 1938ರ ಕಾನೂನಿನಡಿ ಇವರಿಗೆ ದುಡಿದ ಗಂಟೆಗೆ ಮಾತ್ರ ಕೂಲಿ. ಅಂಗಡಿ ಮುಚ್ಚಿದರೆ ಸೊನ್ನೆ. ಅಂಗಡಿ ತೆರೆದಿದ್ದು ತಾವು ಹೋಗದಿದ್ದರೂ ಸೊನ್ನೆ. ಅಂಗಡಿ, ಹೋಟೆಲುಗಳ ಬಹುಪಾಲು ನೌಕರರು ಈ ಎರಡನೆಯ ಗುಂಪಿನವರು. ಕೇಂದ್ರ ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್‌ನಲ್ಲೇ ನಿಂತಿದೆ. ಹಲವು ರಾಜ್ಯಗಳು ಅದಕ್ಕಿಂತ ಹೆಚ್ಚು ಗೊತ್ತುಮಾಡಿವೆ ಎಂಬುದು ಬೇರೆ ಮಾತು.

ಕೆಲವು ರಾಜ್ಯಗಳಲ್ಲಿ ಒಂದು ಸಣ್ಣ ಆಸರೆಯಿದೆ. ಮೆಸಾಚುಸೆಟ್ಸ್‌ನಲ್ಲಿ ಪಾಳಿಗೆಂದು ಸರಿಯಾದ ಹೊತ್ತಿಗೆ ಬಂದವನನ್ನು ಕೆಲಸವಿಲ್ಲವೆಂದು ವಾಪಸು ಕಳಿಸಿದರೆ ಮೂರು ಗಂಟೆಯ ಕೂಲಿ ಕೊಡಬೇಕು. ಆದರೆ ಇದರ ಒಳಗುಟ್ಟು ನೋಡಿ. ಈ ಕೂಲಿ ಸಿಗುವುದು ಹಿಮದಲ್ಲಿ ಬಂದು ಬಾಗಿಲಲ್ಲಿ ನಿಂತವನಿಗೆ. ರಸ್ತೆ ಸರಿಯಿಲ್ಲವೆಂದು ಮನೆಯಲ್ಲೇ ಉಳಿದ ವಿವೇಕಿಗೆ ಅದಿಲ್ಲ!

ಜೊತೆಗೆ ಕೆಲಸ ಹೋಗುವ ಭಯ. ಮೊಂಟಾನ ಒಂದನ್ನು ಬಿಟ್ಟರೆ ಉಳಿದ ರಾಜ್ಯಗಳಲ್ಲಿ, ಜನಾಂಗ, ಲಿಂಗದ ತಾರತಮ್ಯದಂಥ ಕೆಲವು ನಿಷಿದ್ಧ ಕಾರಣಗಳ ಹೊರತು, ಮಾಲೀಕ ಸಾಮಾನ್ಯವಾಗಿ ಯಾವ ಕಾರಣವನ್ನೂ ಕೊಡದೆ ನೌಕರನನ್ನು ತೆಗೆಯಬಹುದು.

‘ಮಾಲೀಕರನ್ನು ಕೇಳಿ’

ಒಹಾಯೊ ರಾಜ್ಯದ ವ್ಯವಸ್ಥೆ ಇಲ್ಲಿ ಗಮನಾರ್ಹ. ಅಲ್ಲಿ ಕೌಂಟಿಯ ಷೆರೀಫ್ ಮೂರು ಹಂತದ ಹಿಮ ತುರ್ತುಸ್ಥಿತಿ ಘೋಷಿಸಬಹುದು. ಮೊದಲ ಹಂತವೆಂದರೆ ಎಚ್ಚರಿಕೆಯಿಂದ ಓಡಿಸಿ. ಎರಡನೆಯದೆಂದರೆ ಅಗತ್ಯವಿದ್ದರೆ ಮಾತ್ರ ಹೊರಡಿ. ಮೂರನೆಯದು ಬಂದಾಗ ರಸ್ತೆ ಬಂದ್. ಸಕಾರಣವಿಲ್ಲದೆ ವಾಹನ ಓಡಿಸಿದವರನ್ನು ಬಂಧಿಸಲೂಬಹುದು. ವಿಶೇಷವೆಂದರೆ ಎರಡನೆಯ, ಮೂರನೆಯ ಹಂತಗಳ ಪ್ರಕಟಣೆಗಳಲ್ಲಿ ಇನ್ನೊಂದು ಸಾಲೂ ಇರುತ್ತದೆ: ಕೆಲಸಕ್ಕೆ ಬರಬೇಕೋ ಬೇಡವೋ ಎಂದು ನೌಕರರು ಮಾಲೀಕರನ್ನು ಕೇಳಿಕೊಳ್ಳಬೇಕು. ರಸ್ತೆ ಮುಚ್ಚುವ ಅಧಿಕಾರವುಳ್ಳ ಸರ್ಕಾರವೂ ಕೊನೆಯ ಮಾತನ್ನು ಅಂಗಡಿಯ ಮ್ಯಾನೇಜರಿಗೆ ಬಿಟ್ಟುಕೊಡುತ್ತದೆ ಎಂದಾಯಿತು.

2015ರ ಜನವರಿ 26ರಂದು ನ್ಯೂಯಾರ್ಕ್ ನಗರ ಬೇರೆ ದಾರಿ ಹಿಡಿಯಿತು. ರಾತ್ರಿ 11ರಿಂದ ತುರ್ತು ವಾಹನಗಳ ಹೊರತು ಎಲ್ಲ ಸಂಚಾರ ನಿಂತಿತು. ಊಟ ತಲುಪಿಸುವ ಸೈಕಲ್ಲು ತುರ್ತು ವಾಹನವಲ್ಲ ಎಂದು ಮೇಯರ್ ಬಿಲ್ ಡಿ ಬ್ಲಾಸಿಯೊ ಬಿಡಿಸಿ ಹೇಳಿದರು. ಹಿಮದ ಕಾರಣಕ್ಕೆ ಸುರಂಗ ರೈಲು ಪೂರ್ತಿ ನಿಂತದ್ದು ಅದರ ಇತಿಹಾಸದಲ್ಲೇ ಮೊದಲು. ಕೊನೆಗೆ ಬಿದ್ದ ಹಿಮ 10 ಅಂಗುಲಕ್ಕಿಂತ ಕಡಿಮೆ! ಇಷ್ಟಕ್ಕೆ ಊರನ್ನೇ ಮುಚ್ಚಬೇಕಿತ್ತೆ ಎಂದು ಟೀಕೆ ಬಂತು. ಆ ರಾತ್ರಿಯ ಭಕ್ಷೀಸು ಕಳೆದುಕೊಂಡವರೂ ಸೈಕಲ್ಲಿನವರೇ. ಆದರೆ ಹೋಗಬೇಕೋ ಬೇಡವೋ ಎಂಬ ಹೊರೆ ಅಂದು ಅವರ ತಲೆಯ ಮೇಲಿರಲಿಲ್ಲ.

ಅಂಗಡಿಯೇ ಆಸರೆ

ಅಂಗಡಿಗಳು ತೆರೆದಿದ್ದರಿಂದ ಜೀವ ಉಳಿದದ್ದೂ ಉಂಟು. 2014ರ ಜನವರಿ 28ರಂದು, ಹಿಮ ಅಪರೂಪವಾದ ಅಟ್ಲಾಂಟ ನಗರದಲ್ಲಿ ಎರಡೂವರೆ ಅಂಗುಲದಷ್ಟು ಹಿಮ ಬಿತ್ತು. ಶಾಲೆ, ಕಚೇರಿ, ಅಂಗಡಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಿಟ್ಟವು. ರಸ್ತೆಗಳು ಮಂಜುಗಡ್ಡೆಯಾಗಿ ಜನ ಇಡೀ ರಾತ್ರಿ ಹೆದ್ದಾರಿಯಲ್ಲಿ ಕಳೆದರು. ಕಾರು ಬಿಟ್ಟು ನಡೆದವರಿಗೆ ಕಂಡದ್ದು ಅಂಗಡಿಗಳ ದೀಪ. ಹೋಮ್ ಡಿಪೊದಂಥ ದೊಡ್ಡ ಮಳಿಗೆಗಳಲ್ಲಿ, ಔಷಧದ, ದಿನಸಿಯ ಅಂಗಡಿಗಳಲ್ಲಿ ಜನ ಕಪಾಟುಗಳ ನಡುವೆ ಮಲಗಿದರು. ತಾವೂ ಮನೆಗೆ ಹೋಗಲಾರದ ನೌಕರರೇ ಅವರನ್ನು ನೋಡಿಕೊಂಡರು.

ದಕ್ಷಿಣದ ರಾಜ್ಯಗಳಲ್ಲಿ ಹಗಲೂ ರಾತ್ರಿ ತೆರೆದಿರುವ ‘ವಾಫಲ್ ಹೌಸ್’ ಹೋಟೆಲುಗಳಿವೆ. ವಿಪತ್ತು ನಿರ್ವಹಣೆಯ ಅಧಿಕಾರಿ ಕ್ರೇಗ್ ಫ್ಯುಗೇಟ್ ಇವುಗಳಿಂದಲೇ ಒಂದು ಅಳತೆಗೋಲು ಮಾಡಿಕೊಂಡರು. ಎಲ್ಲ ತಿಂಡಿ ಸಿಕ್ಕರೆ ಹಸಿರು, ಕೆಲವೇ ಸಿಕ್ಕರೆ ಹಳದಿ, ಬಾಗಿಲು ಮುಚ್ಚಿದ್ದರೆ ಕೆಂಪು. ಕೆಂಪೆಂದರೆ ಆ ಊರಿನ ಸ್ಥಿತಿ ಗಂಭೀರ. ಹೋಟೆಲೊಂದರ ಒಲೆ ಊರಿನ ನಾಡಿಯಾದ ಬಗೆ ಇದು. ಆ ಒಲೆಯ ಮುಂದೆ ನಿಲ್ಲುವವನು ಅಲ್ಲಿಗೆ ಹೇಗೆ ಬಂದ, ಹೇಗೆ ಮನೆಗೆ ಹೋಗುತ್ತಾನೆ ಎಂಬುದಕ್ಕೆ ಮಾತ್ರ ಈ ಅಳತೆಗೋಲಿನಲ್ಲಿ ಬಣ್ಣವಿಲ್ಲ.

1888, 1978, 2014, 2022. ನಾಲ್ಕೂ ಸಲ ಅನೇಕರ ಸಂಕಟಕ್ಕೆ ಕಾರಣವಾದದ್ದು ಮನೆಗೂ ಕೆಲಸಕ್ಕೂ ನಡುವಿನ ಹಾದಿ. ಅಂಗಡಿ ತೆರೆದಿರಬೇಕೆಂದಾದರೆ ನೌಕರರಿಗೆ ಅಲ್ಲೇ ತಂಗಲು ಜಾಗ, ಆ ರಾತ್ರಿಯ ಕೂಲಿ ಕೊಡಬಹುದು. ಮುಚ್ಚಬೇಕೆಂದಾದರೆ ಹಿಂದಿನ ಸಂಜೆಯೇ ಹೇಳಬಹುದು. ಎರಡೂ ಖರ್ಚಿನ ಬಾಬ್ತೇ. ಆ ಖರ್ಚನ್ನು ಮಾಲೀಕನೂ ಹೊರದೆ, ಸರ್ಕಾರವೂ ಹೊರದೆ ಇದ್ದಾಗ, ಬೆಳಿಗ್ಗೆ ಬಾಗಿಲು ತೆರೆದು ಬಿಳಿಯಾದ ಬೀದಿಯನ್ನು ನೋಡುತ್ತ ನಿಂತ ಗಂಟೆ ಕೂಲಿಯವನು ಹೊರುತ್ತಾನೆ. ಬಫಲೊದಲ್ಲಿ ಅವನಿಗೆ ಸಿಕ್ಕ ವ್ಯವಧಾನ 41 ನಿಮಿಷ.