ಉಚಿತ ಪ್ರೋಲಾಗ್: ಆಟವೋ, ಆಟದ ತುಣುಕೋ?

ಕಂಪ್ಯೂಟರ್ ಆಟಗಳ ದೊಡ್ಡ ಅಂಗಡಿಯಾದ ಸ್ಟೀಮ್‌ನಲ್ಲಿ ಉಚಿತ ಆಟಗಳನ್ನು ಹುಡುಕುತ್ತ ಹೋದರೆ, ಹೆಸರಿನ ಜೊತೆ ‘ಪ್ರೋಲಾಗ್’, ಅಂದರೆ ಮುನ್ನುಡಿ, ಎಂದು ಸೇರಿಸಿಕೊಂಡ ಆಟಗಳು ಮತ್ತೆ ಮತ್ತೆ ಎದುರಾಗುತ್ತವೆ. ‘ಕಾಂಟ್ರಾಬ್ಯಾಂಡ್ ಪೊಲೀಸ್: ಪ್ರೋಲಾಗ್’, ‘ಥೀಫ್ ಸಿಮ್ಯುಲೇಟರ್ 2: ಪ್ರೋಲಾಗ್’, ‘ಗ್ಯಾಸ್ ಸ್ಟೇಷನ್ ಸಿಮ್ಯುಲೇಟರ್: ಪ್ರೋಲಾಗ್ - ಅರ್ಲಿ ಡೇಸ್’, ಹೀಗೆ. ಡೌನ್‌ಲೋಡ್ ಮಾಡಿ ಒಂದೆರಡು ಗಂಟೆ ಆಡಿ, ಇನ್ನೇನು ಕೈ ಪಳಗಿತು ಅನ್ನುವಷ್ಟರಲ್ಲಿ ಆಟ ನಿಲ್ಲುತ್ತದೆ. ಮುಂದಿನದನ್ನು ಆಡಬೇಕಾದರೆ ಪೂರ್ಣ ಆಟವನ್ನು ಕೊಳ್ಳಿ, ಇಲ್ಲವೇ ವಿಶ್‌ಲಿಸ್ಟಿಗೆ (ಮುಂದೆ ಕೊಳ್ಳಬೇಕೆಂದಿರುವ ಆಟಗಳ ಪಟ್ಟಿಗೆ) ಸೇರಿಸಿ ಎಂಬ ಸೂಚನೆ ಪರದೆಯ ಮೇಲೆ ಬರುತ್ತದೆ. ಇದು ಡೆಮೊ ಅಲ್ಲದೆ ಮತ್ತೇನು ಎಂದು ಆಟಗಾರರು ಕೇಳುವುದು ಸಹಜ.

ಹೆಚ್ಚಿನವು ಡೆಮೊಗಳೇ. ಆದರೂ ಅವುಗಳನ್ನು ಡೆಮೊ ಎಂದು ಕರೆಯದೆ ಹೋದದ್ದಕ್ಕೆ ಕಾರಣ ಹುಡುಕಬೇಕಾದ್ದು ಕಥೆಯಲ್ಲಲ್ಲ, ಅಂಗಡಿಯ ನಿಯಮಗಳಲ್ಲಿ.

ಸ್ಟೀಮ್ ಅನ್ನು ನಡೆಸುವ ವಾಲ್ವ್ ಕಂಪನಿ 2024ರವರೆಗೆ ಡೆಮೊಗಳಿಗೆ ಸ್ವಂತ ನೆಲೆ ಕೊಟ್ಟಿರಲಿಲ್ಲ. ಡೆಮೊ ಅಂದರೆ ಮೂಲ ಆಟದ ಪುಟದಲ್ಲಿ ಒಂದು ಬಟನ್, ಅಷ್ಟೇ. ಅದರ ಬಗ್ಗೆ ಯಾರೂ ಪ್ರತ್ಯೇಕವಾಗಿ ರಿವ್ಯೂ ಬರೆಯುವಂತಿರಲಿಲ್ಲ. ಹೆಚ್ಚಾಗಿ ಮೂಲ ಆಟದ ಪುಟಕ್ಕೆ ಬಂದವರ ಕಣ್ಣಿಗೇ ಅದು ಬೀಳುತ್ತಿತ್ತು. ಅದೇ ತುಣುಕನ್ನು ಒಂದು ಹೊಸ ಉಚಿತ ಆಟವಾಗಿ ನೋಂದಾಯಿಸಿದರೆ ಪರಿಸ್ಥಿತಿಯೇ ಬೇರೆ. ಅದಕ್ಕೆ ತನ್ನದೇ ಪುಟ, ತನ್ನದೇ ರಿವ್ಯೂಗಳು, ಉಚಿತ ಆಟಗಳ ಸಾಲಿನಲ್ಲಿ ಒಂದು ಜಾಗ. ಹೊಸ ಆಟ ನೋಂದಾಯಿಸಲು 100 ಡಾಲರ್ ಕಟ್ಟಬೇಕು. ಪೂರ್ಣ ಆಟಕ್ಕೆ ಕಟ್ಟಿದ್ದು ಸಾಕಷ್ಟು ಮಾರಾಟವಾದರೆ ಮರಳಿ ಸಿಗುತ್ತದೆ, ಉಚಿತ ಪ್ರೋಲಾಗ್‌ಗೆ ಕಟ್ಟಿದ್ದು ಹೋದ ಹಾಗೆಯೇ. ಹಾಗಿದ್ದೂ ಸಣ್ಣ ಸ್ಟುಡಿಯೊಗಳು ಅಷ್ಟು ತೆತ್ತು ಪ್ರೋಲಾಗ್ ಹೊರತಂದವು.

ಏಕೆಂದರೆ ಅವರಿಗೆ ಬೇಕಿದ್ದದ್ದು ವಿಶ್‌ಲಿಸ್ಟ್. ಆಟವೊಂದನ್ನು ವಿಶ್‌ಲಿಸ್ಟಿಗೆ ಸೇರಿಸಿಟ್ಟವರಿಗೆ ಅದು ಬಿಡುಗಡೆಯಾದ ದಿನ ಸ್ಟೀಮ್‌ನಿಂದ ಇಮೇಲ್ ಹೋಗುತ್ತದೆ. ಬಿಡುಗಡೆಗೆ ಮುಂಚೆ ಹೆಚ್ಚು ವಿಶ್‌ಲಿಸ್ಟ್ ಗಳಿಸಿದ ಆಟಕ್ಕೆ ‘ಬರಲಿರುವ ಜನಪ್ರಿಯ ಆಟಗಳು’ ಪಟ್ಟಿಯಲ್ಲಿ ಜಾಗ ಸಿಗುತ್ತದೆ. ಜಾಹೀರಾತಿಗೆ ಹಣವಿಲ್ಲದವರಿಗೆ ಇದಕ್ಕಿಂತ ದೊಡ್ಡ ನೆರವು ಇನ್ನೊಂದಿಲ್ಲ. ಪೋಲೆಂಡಿನ ವಾರ್ಸಾದಲ್ಲಿರುವ ಪ್ಲೇವೇ ಎಂಬ ಪ್ರಕಾಶನ ಸಂಸ್ಥೆ ಈ ದಾರಿಯನ್ನು ಬಹಳ ವ್ಯವಸ್ಥಿತವಾಗಿ ಬಳಸಿಕೊಂಡಿತು. ಮೆಕ್ಯಾನಿಕ್, ಕಳ್ಳ, ಗಡಿ ಕಾಯುವ ಪೊಲೀಸ್ ಮುಂತಾದ ಕಸುಬುಗಳ ಸಿಮ್ಯುಲೇಟರ್ ಆಟಗಳಿಗೆ ಹೆಸರಾದ ಅದು, ಆಟ ಸಿದ್ಧವಾಗುವ ಎಷ್ಟೋ ಮೊದಲೇ ಪುಟ ತೆರೆದು ಜನರ ಆಸಕ್ತಿಯನ್ನು ಅಳೆಯುತ್ತದೆ. ಆ ಅಳತೆಗೆ ಪ್ರೋಲಾಗ್ ಒಳ್ಳೆಯ ಸಾಧನವಾಯಿತು.

ಇದನ್ನು ಮೋಸ ಎನ್ನಲು ನನಗೆ ಮನಸ್ಸಿಲ್ಲ. ದಿನಕ್ಕೆ ಹತ್ತಾರು ಹೊಸ ಆಟಗಳು ಬಂದು ಬೀಳುವ ಅಂಗಡಿಯಲ್ಲಿ ನಾಲ್ಕೈದು ಜನರ ತಂಡವೊಂದು ಕಣ್ಣಿಗೆ ಬೀಳಲು ಪಡುವ ಪಾಡು ಸಣ್ಣದಲ್ಲ. ಆದರೆ ಆಟಗಾರನ ಕಡೆಯಿಂದಲೂ ನೋಡಬೇಕು. ದಿನಕ್ಕೆ ಒಂದೂವರೆ ಜಿಬಿ ಡೇಟಾ ಪ್ಯಾಕ್ ಹಾಕಿಸಿಕೊಂಡ ವಿದ್ಯಾರ್ಥಿಯೊಬ್ಬ ಪೂರ್ತಿ ಆಟವೆಂದು ನಂಬಿ ಕೆಲವು ದಿನಗಳ ಡೇಟಾ ಸುರಿದು ಇಳಿಸಿಕೊಂಡದ್ದು, ಒಂದು ಗಂಟೆಗೆ ಮುಗಿದುಹೋದರೆ ಅವನಿಗಾಗುವ ಬೇಸರ ನ್ಯಾಯವಾದದ್ದೇ.

ಆಟದ ಒಂದು ಭಾಗವನ್ನು ಉಚಿತವಾಗಿ ಹಂಚುವ ಪದ್ಧತಿಯೇನೂ ಹೊಸದಲ್ಲ. 1987ರಲ್ಲಿ ಅಮೆರಿಕದ ಸ್ಕಾಟ್ ಮಿಲ್ಲರ್ ತಮ್ಮ ‘ಕಿಂಗ್‌ಡಮ್ ಆಫ್ ಕ್ರೋಝ್’ ಆಟವನ್ನು ಭಾಗಗಳಾಗಿ ಒಡೆದು, ಮೊದಲ ಭಾಗವನ್ನು ಉಚಿತವಾಗಿ ಬಿಟ್ಟು, ಉಳಿದವನ್ನು ಮಾರಿದರು. 1993ರ ಡಿಸೆಂಬರ್ 10ರಂದು ಐಡಿ ಸಾಫ್ಟ್‌ವೇರ್ ‘ಡೂಮ್’ ಆಟವನ್ನು ಹೊರತಂದದ್ದೂ ಇದೇ ದಾರಿಯಲ್ಲಿ. ಮೂರು ಭಾಗಗಳಲ್ಲಿ ಮೊದಲನೆಯದು, ಗುಪ್ತ ಲೆವೆಲ್ ಒಂದನ್ನು ಸೇರಿಸಿ ಒಂಬತ್ತು ಲೆವೆಲ್‌ಗಳು, ಎಲ್ಲರಿಗೂ ಉಚಿತ. ನಕಲು ಮಾಡಿ ಗೆಳೆಯರಿಗೆ ಹಂಚುವುದಕ್ಕೂ ಅಡ್ಡಿಯಿರಲಿಲ್ಲ. ಮಂಗಳ ಗ್ರಹದ ಉಪಗ್ರಹ ಫೋಬೋಸ್‌ನಲ್ಲಿ ಶುರುವಾಗಿ ಇಬ್ಬರು ದೈತ್ಯರೊಡನೆ ಕಾಳಗದಲ್ಲಿ ಮುಗಿಯುವ ಆ ಭಾಗಕ್ಕೆ ಆರಂಭ, ಏರಿಕೆ, ಕೊನೆ ಎಲ್ಲವೂ ಇವೆ. ಉಳಿದ ಎರಡು ಭಾಗಗಳನ್ನು ಕೊಳ್ಳದವರೂ ಒಂದು ಆಟ ಆಡಿದ ತೃಪ್ತಿಯಿಂದಲೇ ಏಳುತ್ತಿದ್ದರು. ಅದು ಮೂಲ ಆಟದ ತುಣುಕೂ ಹೌದು, ತನ್ನಷ್ಟಕ್ಕೆ ಇಡಿಯಾದದ್ದೂ ಹೌದು. ಇವತ್ತಿನ ಬಹುಪಾಲು ಪ್ರೋಲಾಗ್‌ಗಳು ಈ ಔದಾರ್ಯದ ಹತ್ತಿರಕ್ಕೂ ಬರುವುದಿಲ್ಲ.

ನಿಜವಾದ ಪ್ರೋಲಾಗ್ ಹೇಗಿರಬೇಕೆಂದು ನಮ್ಮ ಯಕ್ಷಗಾನ ನೋಡಿದವರಿಗೆ ವಿವರಿಸಬೇಕಿಲ್ಲ. ಪೂರ್ವರಂಗದಲ್ಲಿ ಕೋಡಂಗಿಗಳು, ಬಾಲಗೋಪಾಲರು, ಸ್ತ್ರೀವೇಷಗಳು ಕುಣಿದು ಹೋಗುತ್ತಾರೆ. ಅದು ಆ ರಾತ್ರಿಯ ಪ್ರಸಂಗದಿಂದ ಕತ್ತರಿಸಿ ತಂದ ತುಂಡಲ್ಲ. ಅದಕ್ಕೆ ಅದರದೇ ಕುಣಿತ, ಅದರದೇ ಕೆಲಸ.

ಆ ಬಗೆಯ ಆಟಗಳೂ ಇವೆ. ನನ್ನ ಕಣ್ಣಿಗೆ ಅವುಗಳಲ್ಲೆಲ್ಲ ಎದ್ದು ಕಾಣುವುದು ಪ್ಯಾರಿಸ್ಸಿನ ಡೋಂಟ್‌ನಾಡ್ ಸ್ಟುಡಿಯೊ 2018ರ ಜೂನ್‌ನಲ್ಲಿ ಉಚಿತವಾಗಿ ಕೊಟ್ಟ ‘ದಿ ಆಸಮ್ ಅಡ್ವೆಂಚರ್ಸ್ ಆಫ್ ಕ್ಯಾಪ್ಟನ್ ಸ್ಪಿರಿಟ್’. ಅಮೆರಿಕದ ಆರೆಗಾನ್ ರಾಜ್ಯದ ಹಿಮ ಬಿದ್ದ ಊರು, ಒಂದು ಬೆಳಗು. ಕ್ರಿಸ್ ಎಂಬ ಪುಟ್ಟ ಹುಡುಗ. ತಾಯಿ ಅಪಘಾತದಲ್ಲಿ ತೀರಿಕೊಂಡಿದ್ದಾಳೆ, ತಂದೆ ಕುಡಿತಕ್ಕೆ ಬಿದ್ದಿದ್ದಾನೆ. ಹುಡುಗ ಮುಖವಾಡ ಮೇಲಂಗಿ ತೊಟ್ಟು, ಮನೆಯ ಹಳೆಯ ಸಾಮಾನುಗಳ ನಡುವೆ ತಾನೇ ಕ್ಯಾಪ್ಟನ್ ಸ್ಪಿರಿಟ್ ಎಂಬ ವೀರನಾಗಿ, ಶತ್ರುಗಳನ್ನು ಕಲ್ಪಿಸಿಕೊಂಡು ಹೋರಾಡುತ್ತಾನೆ. ಆಟಗಾರ ಮಾಡುವುದು ಪಾತ್ರೆ ತೊಳೆಯುವುದು, ಬಾಯ್ಲರ್ ಹೊತ್ತಿಸುವುದು, ಅಪ್ಪನಿಗೆ ಬಿಯರ್ ತಂದುಕೊಡುವುದೋ ಬೇಡವೋ ಎಂದು ತೀರ್ಮಾನಿಸುವುದು. ಇಂಥ ಸಣ್ಣ ಕೆಲಸಗಳೇ. ಆದರೆ ಆ ಸಣ್ಣ ಕೆಲಸಗಳ ಹಿಂದೆ ಮನೆಯ ದುಃಖ ಮೆಲ್ಲಮೆಲ್ಲನೆ ಬಿಚ್ಚಿಕೊಳ್ಳುತ್ತದೆ. ಈ ಬೆಳಗಿನ ಕಥೆ ಮುಂದೆ ಸೆಪ್ಟೆಂಬರಿನಿಂದ ಕಂತುಕಂತಾಗಿ ಬಂದ ‘ಲೈಫ್ ಈಸ್ ಸ್ಟ್ರೇಂಜ್ 2’ ಆಟದಲ್ಲಿ ಪುನರಾವರ್ತನೆಯಾಗುವುದಿಲ್ಲ. ಇಲ್ಲಿ ನೀವು ಮಾಡಿದ ಕೆಲವು ಆಯ್ಕೆಗಳು ಮಾತ್ರ, ಕ್ರಿಸ್ ಮತ್ತೆ ಕಾಣಿಸಿಕೊಳ್ಳುವ ಎರಡನೆಯ ಕಂತಿಗೆ ಹರಿದುಬರುತ್ತವೆ. ಮುಂದಿನ ಆಟವನ್ನು ಕೊಳ್ಳದಿದ್ದರೂ ಆ ಹುಡುಗನ ಬೆಳಗು ನಿಮ್ಮದೇ. ಇದನ್ನು ಡೆಮೊ ಎಂದು ಕರೆದರೆ ಅದನ್ನು ಮಾಡಿದವರ ಶ್ರಮಕ್ಕೆ ಅನ್ಯಾಯವಾಗುತ್ತದೆ.

ಇನ್ನೊಂದು ಗುಂಪಿನ ಕಥೆ ತಿರುವುಮುರುವು. ಜಪಾನಿನ ಸ್ಕ್ವೇರ್ ಎನಿಕ್ಸ್ 2018ರಲ್ಲಿ ‘ಆಕ್ಟೋಪಾತ್ ಟ್ರಾವೆಲರ್’ ಆಟದ ಮೊದಲ ಮೂರು ಗಂಟೆಗಳನ್ನು ಉಚಿತವಾಗಿ ಕೊಟ್ಟಿತು. 2023ರ ಜೂನ್‌ನಲ್ಲಿ ‘ಫೈನಲ್ ಫ್ಯಾಂಟಸಿ 16’ ಬಿಡುಗಡೆಗೆ ಹತ್ತು ದಿನ ಮುಂಚೆ ಅದರ ಆರಂಭದ ಭಾಗವನ್ನು ಕೊಟ್ಟಿತು. ಎರಡರಲ್ಲೂ ಆಡಿದಷ್ಟು ಸೇವ್ ಆಗಿ, ಪೂರ್ಣ ಆಟ ಕೊಂಡ ಮೇಲೆ ಅಲ್ಲಿಂದಲೇ ಮುಂದುವರಿಯಬಹುದು. ಕಥೆಯ ನಿಜವಾದ ಮುನ್ನುಡಿಯನ್ನೇ ಕೊಟ್ಟರೂ ಇವು ಡೆಮೊ ಎಂದೇ ಹೇಳಿಕೊಂಡವು. ಆಟಗಾರನ ಸಮಯಕ್ಕೆ ಬೆಲೆ ಕೊಡುವ ಈ ಕ್ರಮ ನನಗೆ ತುಂಬ ಹಿಡಿಸುತ್ತದೆ.

ಪ್ರೋಲಾಗ್‌ಗೆ ದುಡ್ಡು ಕೇಳಿದವರೂ ಇದ್ದಾರೆ. 2014ರ ‘ಮೆಟಲ್ ಗೇರ್ ಸಾಲಿಡ್ 5: ಗ್ರೌಂಡ್ ಜೀರೋಸ್’ ಬಂದಾಗ, ಮುಖ್ಯ ಕಾರ್ಯಾಚರಣೆ ಎರಡು ಗಂಟೆಯೊಳಗೆ ಮುಗಿಯುತ್ತದೆ, ಇದು ಬೆಲೆ ಕಟ್ಟಿದ ಡೆಮೊ ಎಂದು ಬಹಳ ಮಂದಿ ಸಿಟ್ಟಾದರು. ಅದೇ ವರ್ಷದ ಆಗಸ್ಟಿನಲ್ಲಿ ಪ್ಲೇಸ್ಟೇಷನ್ 4ಕ್ಕೆ ಉಚಿತವಾಗಿ ಬಂದ ‘ಪಿ.ಟಿ.’ಯದ್ದು ಇನ್ನೂ ವಿಚಿತ್ರ. ಒಂದೇ ಓಣಿಯಂಥ ಮನೆಯೊಳಗೆ ಸುತ್ತಿ ಸುತ್ತಿ ಹೆದರಿಸುವ ಆ ಆಟ, ‘ಸೈಲೆಂಟ್ ಹಿಲ್ಸ್’ ಎಂಬ ದೊಡ್ಡ ಆಟದ ಮುನ್ಸೂಚನೆಯಾಗಿತ್ತು. 2015ರ ಏಪ್ರಿಲ್‌ನಲ್ಲಿ ಕೊನಾಮಿ ಕಂಪನಿ ಆ ದೊಡ್ಡ ಆಟವನ್ನೇ ಕೈಬಿಟ್ಟು, ಉಚಿತ ತುಣುಕನ್ನೂ ಅಂಗಡಿಯಿಂದ ತೆಗೆಯಿತು. ಮೂಲವೇ ಹುಟ್ಟದಿದ್ದರೂ ಭಯದ ಆಟಗಳ ಚರ್ಚೆಯಲ್ಲಿ ‘ಪಿ.ಟಿ.’ ಹೆಸರು ಇಂದಿಗೂ ಬರುತ್ತದೆ.

2024ರ ಜುಲೈನಲ್ಲಿ ವಾಲ್ವ್ ತನ್ನ ನಿಯಮ ಬದಲಿಸಿತು. ಈಗ ಡೆಮೊಗೂ ಸ್ವಂತ ಪುಟ ಮಾಡಿಕೊಳ್ಳಬಹುದು, ರಿವ್ಯೂ ಪಡೆಯಬಹುದು, ಉಚಿತ ಆಟಗಳ ಪಟ್ಟಿಗಳಲ್ಲೂ ಕಾಣಿಸಿಕೊಳ್ಳಬಹುದು. ಹಾಗಾಗಿ ಡೆಮೊಗೆ ಪ್ರೋಲಾಗ್ ವೇಷ ಹಾಕಿಸುವ ಹಳೆಯ ಅಗತ್ಯ ಬಹುಮಟ್ಟಿಗೆ ಹೋಗಿದೆ. ಇನ್ನು ಮುಂದೆ ಪ್ರೋಲಾಗ್ ಹೊರತರುವ ಸ್ಟುಡಿಯೊ ಮೂಲ ಆಟದಲ್ಲಿಲ್ಲದ ಏನನ್ನಾದರೂ ಅದರಲ್ಲಿ ಇಡಲಿ. ಇಡಲಾಗದಿದ್ದರೆ, ಎಷ್ಟು ಹೊತ್ತಿನ ಆಟ, ಇದೇ ಭಾಗ ಪೂರ್ಣ ಆಟದಲ್ಲೂ ಬರುತ್ತದೆಯೇ, ಸೇವ್ ಮಾಡಿದ್ದು ಅಲ್ಲಿಗೂ ಹೋಗುತ್ತದೆಯೇ ಎಂಬುದನ್ನು ಡೌನ್‌ಲೋಡ್ ಬಟನ್ನಿನ ಮೇಲೆಯೇ ಬರೆಯಲಿ.